ಒಟಿಪಿ ಹೇಳಬೇಡಿ ಅನ್ನುವವರೂ ನೀವೇ, ಕೇಳುವವರೂ ನೀವೇ

ಸೈಬರ್ ಜಾಗೃತಿಯ ಪೋಸ್ಟರ್ ಅಂಟಿಸುವ ಎಲ್ಲ ಇಲಾಖೆಗಳ ಮತ್ತು ಬ್ಯಾಂಕುಗಳ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಆನ್‌ಲೈನ್ ಅರ್ಜಿನೂ ಹಾಕಿಕೊಡುತ್ತೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ರೇಷನ್ ಕಾರ್ಡ್ ತಿದ್ದುಪಡಿ, ಕರೆಂಟ್ ಬಿಲ್ಲು, ಪಾಸ್‌ಪೋರ್ಟ್ ಸೈಜ್ ಫೋಟೋ, ಎಲ್ಲ ನಡೆಯುತ್ತೆ. ಹಾಗಾಗಿ ನಮ್ಮ ಕಡೆಯ ಜನ ಫೋನು, ಕಂಪ್ಯೂಟರು ಹೇಗೆ ಬಳಸುತ್ತಾರೆ, ಎಲ್ಲಿ ಸಿಕ್ಕಿಬೀಳುತ್ತಾರೆ ಅನ್ನೋದು ನಿಮ್ಮ ಮೀಟಿಂಗ್ ಹಾಲಿಗಿಂತ ನನ್ನ ಕೌಂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಂಡಿದ್ದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಅನ್ನಿಸಿದರೆ ಬೇಜಾರಾಗಬೇಡಿ.

ಮೊದಲು ಒಟಿಪಿ ವಿಷಯ. "ಒಟಿಪಿ ಯಾರಿಗೂ ಹೇಳಬೇಡಿ" ಅನ್ನುವ ಪೋಸ್ಟರ್ ಇಲ್ಲದ ಬ್ಯಾಂಕು, ಕಚೇರಿ ಈಗ ಸಿಗೋದು ಕಷ್ಟ. ಒಳ್ಳೆಯದೇ. ಆದರೆ ಆ ಪೋಸ್ಟರಿನ ಕೆಳಗೇ ಕೂತ ನಿಮ್ಮ ಸಿಬ್ಬಂದಿ ಏನು ಕೇಳುತ್ತಾರೆ ಗೊತ್ತಾ? "ಅಜ್ಜೀ, ಮೊಬೈಲಿಗೆ ನಂಬರ್ ಬಂತಾ? ಬೇಗ ಹೇಳಿ, ಟೈಮ್ ಔಟ್ ಆಗುತ್ತೆ." ಅಜ್ಜಿಗೆ ಓದಲು ಬರಲ್ಲ, ಸೆರಗಿನ ಗಂಟಿನಿಂದ ಫೋನು ತೆಗೆದು ಸಿಬ್ಬಂದಿಯ ಕೈಗೇ ಕೊಡುತ್ತಾರೆ. ಅವರು ಆರು ಅಂಕಿ ಗಟ್ಟಿಯಾಗಿ ಓದಿ ಟೈಪ್ ಮಾಡಿ ಫೋನು ವಾಪಸ್ ಕೊಡುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತೆ. ನನ್ನ ಅಂಗಡಿಯಲ್ಲಿ ನಾನೂ ಒಟಿಪಿ ಕೇಳುತ್ತೇನೆ, ಕೇಳದಿದ್ದರೆ ಅರ್ಜಿ ಮುಂದಕ್ಕೇ ಹೋಗಲ್ಲ, ನಿಮ್ಮ ಪೋರ್ಟಲ್ ಇರೋದೇ ಹಾಗೆ.

ಹೀಗೆ ವರ್ಷಗಟ್ಟಲೆ ಕೌಂಟರಿನಿಂದ ಕೌಂಟರಿಗೆ ಒಟಿಪಿ ಹೇಳಿ ಹೇಳಿ ರೂಢಿಯಾದ ಮನುಷ್ಯನಿಗೆ ಒಂದು ದಿನ ಫೋನು ಬರುತ್ತೆ. "ಬ್ಯಾಂಕಿಂದ ಮಾತಾಡ್ತಾ ಇದೀವಿ, ನಿಮ್ಮ ಕೆವೈಸಿ ನಿಂತು ಹೋಗಿದೆ, ಒಂದು ನಂಬರ್ ಬಂದಿರುತ್ತೆ ನೋಡಿ ಹೇಳಿ." ಹೇಳುತ್ತಾರೆ. ಇನ್ನೇನು ಮಾಡುತ್ತಾರೆ? ದುಡ್ಡು ಹೋದ ಮೇಲೆ ನೀವು ಅವರನ್ನು ಕೇಳೋದು ಒಂದೇ ಪ್ರಶ್ನೆ, "ಒಟಿಪಿ ಯಾಕೆ ಕೊಟ್ರಿ?" ಅಂತ. ಕೊಡೋದನ್ನು ಕಲಿಸಿದ್ದು ಯಾರು ಸ್ವಾಮಿ?

ಆ ಮೆಸೇಜನ್ನಾದರೂ ಒಮ್ಮೆ ಓದಿ ನೋಡಿ. ಬಹಳಷ್ಟು ಇಂಗ್ಲಿಷಿನಲ್ಲೇ ಬರುತ್ತವೆ. ಮೊದಲು ಅಂಕಿ, ಆಮೇಲೆ ಅದು ಯಾತಕ್ಕೆ ಅನ್ನೋ ಉದ್ದನೆಯ ವಾಕ್ಯ, ಕೊನೆಯಲ್ಲಿ ಯಾರಿಗೂ ಹೇಳಬೇಡಿ ಅನ್ನೋ ಎಚ್ಚರಿಕೆ, ಅದೂ ಇಂಗ್ಲಿಷಿನಲ್ಲೇ. ಪಿಂಚಣಿ ಅರ್ಜಿಯ ಒಟಿಪಿ, ಖಾತೆಯಿಂದ ಹಣ ಹೋಗುವ ಒಟಿಪಿ, ಬೇರೆಯವನ ಫೋನಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ತೆರೆಯುವ ಕೋಡು, ಮೂರೂ ಆ ಅಜ್ಜಿಗೆ ಒಂದೇ ಥರ ಕಾಣುತ್ತವೆ. ಕನ್ನಡದಲ್ಲಿ ಕಳಿಸಿ. ಮೊದಲ ಸಾಲಿನಲ್ಲೇ "ನಿಮ್ಮ ಖಾತೆಯಿಂದ 9,000 ರೂಪಾಯಿ ಹೋಗಲಿದೆ" ಅಂತಿರಲಿ, ಅಂಕಿ ಆಮೇಲೆ ಬರಲಿ. ಇದಕ್ಕೆ ಸಮಿತಿ ಬೇಕಾಗಿಲ್ಲ, ಟೆಂಪ್ಲೇಟ್ ಬದಲಿಸಿದರೆ ಸಾಕು. ಅಲ್ಲಿಯವರೆಗೆ ನಾನು ನನ್ನ ಗಿರಾಕಿಗಳಿಗೆ ಹೇಳೋದು ಇಷ್ಟೇ: ನೀವೇ ಎದುರಿಗೆ ಕೂತು ಶುರು ಮಾಡಿದ ಕೆಲಸಕ್ಕೆ ಬಂದ ನಂಬರಾದರೆ ಸರಿ, ಸುಮ್ನೆ ಕೂತಿದ್ದಾಗ ತಾನಾಗೇ ಬಂದ ನಂಬರು ಯಾರು ಕೇಳಿದರೂ ಹೇಳಬೇಡಿ, ನನಗೂ ಹೇಳಬೇಡಿ.

ಇನ್ನೊಂದು ವಿಷಯ ನನಗೆ ಅರ್ಥವೇ ಆಗಲ್ಲ. ನೀವು ಕೆಲವು ಒಳ್ಳೆ ಕೆಲಸ ಮಾಡಿದ್ದೀರಿ, ಅದನ್ನು ಜನರಿಗೆ ಯಾಕೆ ಹೇಳಲ್ಲ? ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳ ವೆಬ್‌ಸೈಟ್ ವಿಳಾಸವೂ "ಡಾಟ್ ಬ್ಯಾಂಕ್ ಡಾಟ್ ಇನ್" ಅಂತಲೇ ಮುಗಿಯಬೇಕು ಅಂತ ಹೇಳಿ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಆ ಹೆಸರು ಬ್ಯಾಂಕುಗಳಿಗೆ ಬಿಟ್ಟು ಬೇರೆ ಯಾರಿಗೂ ಸಿಗಲ್ಲ. ಅಂದರೆ ಬ್ಯಾಂಕಿನ ಸೈಟು ಅಸಲಿಯೋ ನಕಲಿಯೋ ಅಂತ ನೋಡಲು ವಿಳಾಸದ ಬಾಲ ನೋಡಿದರೆ ಸಾಕು. ಇಷ್ಟು ಸುಲಭದ ವಿಷಯ ನನ್ನ ಅಂಗಡಿಗೆ ಬರುವ ಮೇಷ್ಟ್ರುಗಳಿಗೂ ಗೊತ್ತಿಲ್ಲ.

ಮೆಸೇಜು ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಸಣ್ಣ ಗೆರೆ, ಆಮೇಲೆ ಒಂದು ಇಂಗ್ಲಿಷ್ ಅಕ್ಷರ ಬರುತ್ತಲ್ಲ, ಅದೂ ಅಷ್ಟೇ. ಜಿ ಅಂದರೆ ಸರ್ಕಾರದ್ದು, ಟಿ ಅಂದರೆ ವಹಿವಾಟು, ಎಸ್ ಅಂದರೆ ಸೇವೆ, ಪಿ ಅಂದರೆ ಜಾಹೀರಾತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2025ರಲ್ಲಿ ತಂದ ನಿಯಮ. "ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್, ಈ ಅಧಿಕಾರಿಗೆ ಫೋನ್ ಮಾಡಿ" ಅನ್ನೋ ಮೆಸೇಜು ಸಾಮಾನ್ಯವಾಗಿ ಯಾವುದೋ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿರುತ್ತೆ. ಇಲಾಖೆ ಹಾಗೆ ಕಳಿಸಲ್ಲ ಅಂತ ಒಂದೇ ಮಾತು ಗೊತ್ತಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಬ್ಯಾಂಕಿನವರ ಕರೆಗೆ 1600ರಿಂದ ಶುರುವಾಗುವ ನಂಬರು, ಮಾರಾಟದ ಕರೆಗೆ 140ರಿಂದ ಶುರುವಾಗುವ ನಂಬರು ಅಂತ ಬೇರೆ ಮಾಡಿದ್ದೀರಿ. ಪೋಸ್ಟರಿನಲ್ಲಿ ಮಾತ್ರ ಈಗಲೂ ಕರಿ ಕೋಟು, ಕಪ್ಪು ಮುಖವಾಡ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತ ಕಳ್ಳನ ಚಿತ್ರ. ಕಳ್ಳ ಹಾಗಿರಲ್ಲ ಸಾರ್, ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ.

ಈಗ ಎಪಿಕೆ. ಕಂಪ್ಯೂಟರಿಗಿಂತ ಜಾಸ್ತಿ ಹಾಳಾಗುತ್ತಿರುವುದು ಫೋನುಗಳೇ, ಅದರಲ್ಲೂ ಈ ಎಪಿಕೆ ಫೈಲುಗಳಿಂದ. ಒಬ್ಬ ಯಜಮಾನರು ಬಂದರು, ತೆಂಗಿನ ತೋಟ ಇರೋವ್ರು. "ಏನಪ್ಪ, ನಮ್ಮ ಭಾವಮೈದ ಲಗ್ನಪತ್ರಿಕೆ ಕಳಿಸ್ಯವ್ನೆ, ಒತ್ತಿದ್ರೆ ಓಪನ್ನೇ ಆಗ್ತಿಲ್ಲ, ಒಂಚೂರು ನೋಡು" ಅಂದರು. ನೋಡಿದರೆ ಲಗ್ನಪತ್ರಿಕೆಯ ಹೆಸರು, ಕೊನೆಯಲ್ಲಿ ಎಪಿಕೆ. ಅವರು ಆಗಲೇ ಇನ್‌ಸ್ಟಾಲ್ ಮಾಡಿ, ಎಸ್ಸೆಮ್ಮೆಸ್ ಓದಲು ಅನುಮತಿಯನ್ನೂ ಕೊಟ್ಟು ಬಿಟ್ಟಿದ್ದರು. ಐಕಾನ್ ಕಾಣಿಸುತ್ತಿರಲಿಲ್ಲ, ಸೆಟ್ಟಿಂಗ್ಸ್ ಒಳಗೆ ಆ್ಯಪ್‌ಗಳ ಪಟ್ಟಿಯಲ್ಲಿ ಮಾತ್ರ ಕೂತಿತ್ತು. ಅಷ್ಟರಲ್ಲಿ ಅದು ಅವರ ಹೆಸರಿನಲ್ಲೇ ಊರಿನ ಹಾಲಿನ ಸೊಸೈಟಿ ಗ್ರೂಪಿಗೂ ಹೋಗಿತ್ತು. ಆ ಭಾವಮೈದನ ಮನೆಯಲ್ಲಿ ಲಗ್ನವೇ ಇಲ್ಲ, ಅವರ ಫೋನಿನಿಂದಲೂ ಹೀಗೇ ಹೊರಟಿದ್ದು.

ಇದರ ಆಟ ಸರಳ. ಎಪಿಕೆ ಅಂದರೆ ಫೋಟೋ ಅಲ್ಲ, ಪಿಡಿಎಫ್ ಅಲ್ಲ, ಪೂರ್ತಿ ಒಂದು ಆ್ಯಪ್. ಪ್ಲೇಸ್ಟೋರಿನ ಹೊರಗಿನಿಂದ ಒಳಗೆ ಬರುತ್ತೆ, ಬಂದ ಮೇಲೆ ನಿಮಗೆ ಬರುವ ಪ್ರತಿಯೊಂದು ಮೆಸೇಜನ್ನೂ ಕಳ್ಳನಿಗೆ ರವಾನಿಸುತ್ತೆ. ಆಗ ನೀವು ಒಟಿಪಿ ಯಾರಿಗೂ ಹೇಳಬೇಕಾಗಿಯೇ ಇಲ್ಲ. ಹಾಗಾಗಿ "ಒಟಿಪಿ ಹೇಳಬೇಡಿ" ಅನ್ನೋ ಒಂದೇ ಮಂತ್ರ ಇಟ್ಟುಕೊಂಡು ಕೂತರೆ ಇಲ್ಲಿ ಅದು ಕೆಲಸಕ್ಕೆ ಬರಲ್ಲ. ನಾನು ಮೊದಲು ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದೆ. ಆಮೇಲೆ ನನ್ನ ಫೋನಿನಿಂದ ಅವರ ಬ್ಯಾಂಕಿಗೆ ಕರೆ ಮಾಡಿ ಖಾತೆಯಿಂದ ಹಣ ಹೋಗುವುದನ್ನು ನಿಲ್ಲಿಸಲು ಹೇಳಿಸಿದೆ. ಫೋಟೋಗಳನ್ನು ಬೇರೆ ಕಡೆ ಇಳಿಸಿಕೊಂಡು ಫೋನು ಪೂರ್ತಿ ರೀಸೆಟ್ ಮಾಡಿದೆ. ಇಂಥ ಆ್ಯಪ್ ಸುಮ್ನೆ ಡಿಲೀಟ್ ಆಗಲು ಬಿಡಲ್ಲ, ಬಿಟ್ಟರೂ ನಂಬೋ ಹಾಗಿಲ್ಲ. ಅವರ ಪುಣ್ಯ, ದುಡ್ಡು ಹೋಗಿರಲಿಲ್ಲ.

ಲಗ್ನಪತ್ರಿಕೆ ಒಂದೇ ಅಲ್ಲ. ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕಿನ ರಿವಾರ್ಡ್ ಪಾಯಿಂಟು, ದಿನಕ್ಕೊಂದು ಹೆಸರು. ಇದರಲ್ಲೂ ನಿಮ್ಮ ಪಾಲು ಇದೆ. ಅಸಲಿ ಚಲನ್ ಮೆಸೇಜಿನಲ್ಲೂ ಲಿಂಕ್ ಇರುತ್ತೆ, ನಕಲಿಯಲ್ಲೂ ಇರುತ್ತೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ನಾನೇ ಎರಡು ಸಲ ನೋಡಬೇಕು. ಮೆಸೇಜಿನಲ್ಲಿ ಲಿಂಕೇ ಹಾಕಬೇಡಿ. "ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಪರಿವಾಹನ್ ಸೈಟಿನಲ್ಲಿ ನೋಡಿಕೊಳ್ಳಿ" ಅಂತಷ್ಟೇ ಕಳಿಸಿ. ಆಗ ಲಿಂಕ್ ಇರುವ ಯಾವ ಮೆಸೇಜನ್ನಾದರೂ ಜನ ಕಣ್ಣು ಮುಚ್ಚಿಕೊಂಡು ಅಳಿಸಬಹುದು.

ಕಂಪ್ಯೂಟರಿನ ಕಡೆ ಬರೋಣ. ಇಲ್ಲಿ ಸಾಮಾನ್ಯ ಜನರಿಗೂ ನಾಲ್ಕು ಮಾತು ಇದೆ.

ನಮ್ಮಂಥ ಅಂಗಡಿಗೆ ಬಂದು ಪ್ರಿಂಟ್ ತೆಗೆಸಲು ನಮ್ಮ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆಯುತ್ತೀರಿ, ಪ್ರಿಂಟ್ ಸಿಕ್ಕಿದ ತಕ್ಷಣ ಬಸ್ಸು ಬಂತು ಅಂತ ಓಡುತ್ತೀರಿ. ನಿಮ್ಮ ಮನೆಯ ಮಾತೆಲ್ಲ ನನ್ನ ಪರದೆ ಮೇಲೆ ಬರ್ತಾ ಇರುತ್ತೆ. ನಾನು ಲಾಗ್‌ಔಟ್ ಮಾಡುತ್ತೇನೆ, ಎಲ್ಲರೂ ಮಾಡುತ್ತಾರೆ ಅಂತ ಹೇಳಕ್ಕಾಗಲ್ಲ. ನಿಮ್ಮ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ಅಂತ ಇದೆ, ಈಗಲೇ ತೆರೆದು ನೋಡಿ, ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದು ಹಾಕಿ. ಹಾಗೇ ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಒಂದು ಪಿನ್ ಹಾಕಿ. ಬ್ಯಾಂಕಿನ ಕೆಲಸವನ್ನಂತೂ ನಮ್ಮ ಅಂಗಡಿಯಲ್ಲಿ ಮಾಡಲೇಬೇಡಿ. ವ್ಯಾಪಾರ ಹೋದರೂ ಪರವಾಗಿಲ್ಲ.

ಕಾಲೇಜು ಹುಡುಗರ ಪೆನ್‌ಡ್ರೈವ್ ಕಥೆ ಬೇರೆ. ಚುಚ್ಚಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. "ಅಣ್ಣಾ ನಾಳೆ ಪ್ರಾಜೆಕ್ಟ್ ಸಬ್‌ಮಿಟ್ ಮಾಡ್ಬೇಕು" ಅಂತ ಅಳೋ ಥರ ನಿಂತಿರುತ್ತಾರೆ. ಫೈಲುಗಳು ಹೋಗಿರಲ್ಲ, ವೈರಸ್ ಅವನ್ನು ಅಡಗಿಸಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತೆ, ಅದನ್ನು ಒತ್ತಿದರೆ ಮತ್ತೊಂದು ಕಂಪ್ಯೂಟರಿಗೆ ಹತ್ತುತ್ತೆ. ಒತ್ತಬೇಡಿ, ಮೊದಲು ಸ್ಕ್ಯಾನ್ ಮಾಡಿಸಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಉಚಿತವಾಗಿ ಸ್ವಚ್ಛ ಮಾಡುವ ಟೂಲ್‌ಗಳಿವೆ, 2017ರಿಂದಲೂ ಇವೆ. ಆಮೇಲೆ ಆ ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಫೋಟೋಶಾಪ್. "ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಅಂತ ಅದರ ಜೊತೆಗೇ ಬರೆದಿರುತ್ತಾರಲ್ಲ, ಯಾಕೆ ಅಂತ ಒಂದು ಸಲ ಯೋಚಿಸಿ. ಉಚಿತವಾಗಿ ಕನ್ನಡ ಟೈಪ್ ಮಾಡೋಕೆ, ಪತ್ರ ಬರೆಯೋಕೆ ಲಿಬ್ರೆ ಆಫೀಸ್ ಇದೆ, ಅದು ಸಾಕು.

ಕಚೇರಿಗಳ ಕಂಪ್ಯೂಟರ್ ಬಗ್ಗೆ ಮಾತಾಡಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಬೇಕು ಅಂದರೂ ಪ್ರತ್ಯೇಕವಾಗಿ ನೋಂದಾಯಿಸಬೇಕು. ನಾನು ಕೆಲಸದ ಮೇಲೆ ಹೋಗಿ ಬರುವ ಕಚೇರಿಯಲ್ಲಿ 2020ರ ಜನವರಿಯಲ್ಲೇ ಬೆಂಬಲ ನಿಂತ ವಿಂಡೋಸ್ 7 ಇನ್ನೂ ಓಡುತ್ತಿದೆ, ಅದರ ಮಾನಿಟರಿನ ಅಂಚಿಗೆ ಪಾಸ್‌ವರ್ಡ್ ಬರೆದ ಹಳದಿ ಚೀಟಿ ಅಂಟಿಸಿದೆ. ಊರಿನ ಹೆಸರು, ಆಮೇಲೆ 123. ಸಾಹೇಬರ ಲಾಗಿನ್ನನ್ನು ಆಪರೇಟರ್ ಹುಡುಗ ಬಳಸುತ್ತಾನೆ, ಅವನು ರಜೆ ಹಾಕಿದ ದಿನ ಇನ್ನೊಬ್ಬ ಬಳಸುತ್ತಾನೆ. 2017ರ ಮೇ 12ರಂದು ವನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ದೇಶದೇಶಗಳ ಆಸ್ಪತ್ರೆ, ಕಂಪನಿಗಳ ಕಂಪ್ಯೂಟರ್ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಆ ವರ್ಷದ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ಹೊಲದ ದಾಖಲೆ ಇರೋದು ನಿಮ್ಮ ಹತ್ತಿರ, ನಾವು ಎಷ್ಟು ಜಾಗರೂಕರಾಗಿದ್ದು ಏನು ಪ್ರಯೋಜನ?

ಆಧಾರ್ ಜೆರಾಕ್ಸ್. ಇದು ನನ್ನ ಹೊಟ್ಟೆಪಾಡು, ಆದರೂ ಬರೆಯುತ್ತೇನೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಒಂದು ಪ್ರಕಟಣೆ ಬಂತು. ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಆಧಾರ್ ಡೌನ್‌ಲೋಡ್ ಮಾಡಬೇಡಿ, ಮಾಡಿದರೆ ಪೂರ್ತಿ ಅಳಿಸಿ ಅಂತ. ಸರಿಯಾದ ಮಾತು. ಎರಡೇ ದಿನ, ಮೇ 29ಕ್ಕೆ ಕೇಂದ್ರ ಸರ್ಕಾರ "ತಪ್ಪು ಅರ್ಥ ಬರಬಹುದು" ಅಂತ ಅದನ್ನು ವಾಪಸ್ ತೆಗೆದುಕೊಂಡಿತು. ಮಾರನೇ ದಿನ ನನ್ನ ಜೆರಾಕ್ಸ್ ಮಿಷನ್ನಿಗೆ ಯಥಾಪ್ರಕಾರ ಕೆಲಸ.

ಈಗ ಜೆರಾಕ್ಸೂ ಹಳೇದಾಯಿತು, ಎಲ್ಲ ವಾಟ್ಸ್‌ಆ್ಯಪ್‌ಗೆ ಬರುತ್ತೆ. ಆಧಾರ್, ಪ್ಯಾನ್, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು. ನಮ್ಮಂಥ ಅಂಗಡಿಗಳ ಫೋನಿನ ಗ್ಯಾಲರಿ ತೆರೆದರೆ ಅರ್ಧ ತಾಲ್ಲೂಕಿನ ಜಾತಕ ಸಿಗುತ್ತೆ. ನಾನು ಸಂಜೆ ಬಾಗಿಲು ಹಾಕುವ ಮುಂಚೆ ಅಳಿಸುತ್ತೇನೆ. ಅಳಿಸಬೇಕು ಅಂತ ನನಗೆ ಯಾವ ಅಧಿಕಾರಿಯೂ ಹೇಳಿಲ್ಲ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅನ್ನಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಕಾರ್ಡಿನ ಜೆರಾಕ್ಸ್ ಕೈಯಲ್ಲಿದ್ದವನಿಗೆ ಅದು ಬೀಗವೇ ಅಲ್ಲ. ಜನರಿಗೆ ನಾನು ಹೇಳೋದು: ಮಾಸ್ಕ್ಡ್ ಆಧಾರ್ ತೋರಿಸಿ, ಕಳಿಸಿದ ಫೈಲನ್ನು ಕೆಲಸ ಮುಗಿದ ಮೇಲೆ "ಡಿಲೀಟ್ ಫಾರ್ ಎವ್ರಿಒನ್" ಮಾಡಿ, ನಮ್ಮ ಎದುರಿಗೇ ಮಾಡಿ, ನಮಗೇನೂ ಬೇಜಾರಿಲ್ಲ. ನಿಮಗೆ ಹೇಳೋದು: ಮಾಸ್ಕ್ಡ್ ಆಧಾರ್ ಕೊಟ್ಟರೆ "ಇದು ನಡೆಯಲ್ಲ, ಪೂರ್ತಿ ನಂಬರ್ ಇರೋದು ತನ್ನಿ" ಅಂತ ಜನರನ್ನು ವಾಪಸ್ ಕಳಿಸೋದನ್ನು ನಿಲ್ಲಿಸಿ.

ಬೆರಳಚ್ಚಿನ ವಿಷಯವೂ ಇದೇ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ, ಆಧಾರ್ ನಂಬರು ಮತ್ತು ಬೆರಳಚ್ಚು ಕೊಟ್ಟು ಹಣ ತೆಗೆಯುವ ಆಧಾರ್ ಪೇಮೆಂಟ್ ಮೂಲಕ ದುಡ್ಡು ಹೋದಾಗ, ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿದ್ದಾರೆ ಅನ್ನೋ ದೂರು ಬಂತು. ಅವರು ಒಟಿಪಿ ಕೊಟ್ಟಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕಾನೂನು ಪ್ರಕಾರ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ. ಇಂಥವರಿಗೆ ಯಾವ ಪೋಸ್ಟರ್ ಅಂಟಿಸುತ್ತೀರಿ? ಬೆರಳಚ್ಚನ್ನು ಯಾರೂ ಬಳಸದ ಹಾಗೆ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಬೇಕಾದಾಗ ತೆಗೆಯಬಹುದು. ದಯವಿಟ್ಟು ಎಲ್ಲರೂ ಮಾಡಿಕೊಳ್ಳಿ. ನೋಂದಣಿಗೆ ಬಂದವರಿಗೆ ಇದನ್ನು ಅಲ್ಲೇ ಮಾಡಿಸಿಕೊಟ್ಟು ಕಳಿಸಿದರೆ ನಿಮ್ಮ ಗಂಟು ಏನು ಹೋಗುತ್ತೆ?

ಡಿಜಿಟಲ್ ಅರೆಸ್ಟ್, ಅಂದರೆ ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ ಮೋಸದ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರೂ ಬರೆದಿದ್ದಾರೆ. 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ನಮ್ಮ ವಿಜಯಪುರದವರೊಬ್ಬರಿಗೆ ಬಂದ ಇಂಥ ಕರೆಯನ್ನೇ ಪ್ರಧಾನಿ ಕೇಳಿಸಿದರು. ವಿಡಿಯೋ ಕಾಲ್‌ನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲವೇ ಇಲ್ಲ. ಪೊಲೀಸ್, ಸಿಬಿಐ, ಕಸ್ಟಮ್ಸ್ ಅಂತ ಯಾರೇ ಯೂನಿಫಾರ್ಮ್ ಹಾಕಿಕೊಂಡು ಕಾಣಿಸಿದರೂ ಕಟ್ ಮಾಡಿ, ಪಕ್ಕದ ಮನೆಯವರನ್ನು ಕರೆಯಿರಿ. ಒಂದೇ ಮಾತು ಸೇರಿಸುತ್ತೇನೆ. ಮೋಸಹೋದವರನ್ನು "ಓದಿದವರೂ ಹೀಗೆ ಮಾಡ್ತಾರಾ" ಅಂತ ಆಡಿಕೊಳ್ಳೋದರಿಂದಲೇ ಅವರು ಠಾಣೆಗೆ ಬರಲ್ಲ, ಮನೆಯಲ್ಲೂ ಹೇಳಲ್ಲ, ಹೊತ್ತು ಕಳೆದು ಹೋಗುತ್ತೆ. 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ ರೂಪಾಯಿ ದೇಶದ ಜನ ಸೈಬರ್ ವಂಚಕರಿಗೆ ಕಳೆದುಕೊಂಡರು ಅಂತ ಕೇಂದ್ರ ಸರ್ಕಾರವೇ ಲೋಕಸಭೆಗೆ ಹೇಳಿದೆ. ಇಷ್ಟು ಹಣ ಕಳೆದುಕೊಂಡವರೆಲ್ಲ ದಡ್ಡರಾಗಿರಲು ಸಾಧ್ಯವಿಲ್ಲ ಅಲ್ವಾ?

ಹೊತ್ತು ಅಂದೆ. ದುಡ್ಡು ಹೋದ ಮೇಲೆ ಮೊದಲ ಗಂಟೆಯೇ ಮುಖ್ಯ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯಬೇಕು. ಅದಕ್ಕೇ 1930 ಅನ್ನೋ ಸೈಬರ್ ವಂಚನೆಯ ಸಹಾಯವಾಣಿ ಇರೋದು. ಆದರೆ ನನ್ನ ಅಂಗಡಿಗೆ ಓಡಿ ಬರುವವರು ಅಷ್ಟು ಹೊತ್ತಿಗೆ ಬ್ಯಾಂಕಿಗೆ ಹೋಗಿ, ಅವರು ಊಟಕ್ಕೆ ಎದ್ದಿದ್ದು ನೋಡಿ, ಠಾಣೆಗೆ ಹೋಗಿ, ಅಲ್ಲಿ "ಜಿಲ್ಲಾ ಕೇಂದ್ರದ ಸೆನ್ (ಸೈಬರ್ ಅಪರಾಧದ) ಠಾಣೆಗೆ ಹೋಗಿ" ಅನ್ನಿಸಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು ಅಂತ ಇಲ್ಲಿಗೆ ಬಂದಿರುತ್ತಾರೆ. ಫೋನ್ ಮಾಡಿದರೆ ಸಾಕಿತ್ತು. 1930ಕ್ಕೆ ಕರೆ ಮಾಡಲು ಬ್ಯಾಂಕಿನ ಹೆಸರು, ಹಣ ಹೋದ ಸಮಯ, ಮೊತ್ತ, ಯುಪಿಐ ವ್ಯವಹಾರದ ನಂಬರು ಕೈಯಲ್ಲಿಟ್ಟುಕೊಳ್ಳಿ. ಕರೆ ಹೋಗದಿದ್ದರೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಅದನ್ನು ನಾನು ದುಡ್ಡು ತಗೊಳ್ಳದೆ ಹಾಕಿಕೊಡುತ್ತೇನೆ.

ಬ್ಯಾಂಕಿನವರಿಗೆ ಒಂದು ಮಾತು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ನಿಮ್ಮ ಹತ್ತಿರ ಇದ್ದೇ ಇರುತ್ತೆ. ಅದರ ಪ್ರಕಾರ ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟ ಇಲ್ಲ. ಗ್ರಾಹಕರೇ ಒಟಿಪಿ ಕೊಟ್ಟಿದ್ದರೂ, ನಿಮಗೆ ತಿಳಿಸಿದ ಮೇಲೆ ಹೋದ ಹಣ ನಿಮ್ಮ ಲೆಕ್ಕಕ್ಕೆ. ಗ್ರಾಹಕರದ್ದೇ ತಪ್ಪು ಅಂತ ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಇದನ್ನು ಯಾವ ಶಾಖೆಯ ಗೋಡೆಯ ಮೇಲೂ ನಾನು ನೋಡಿಲ್ಲ. ದೂರು ಕೊಟ್ಟವರಿಗೆ ಒಂದು ಸ್ವೀಕೃತಿ ಚೀಟಿ, ಅದರಲ್ಲಿ ಹೊತ್ತು ಬರೆದು, ಸೀಲು ಹಾಕಿ ಕೊಡಿ. "ಹೇಳಿದೀವಿ, ನೋಡೋಣ ಹೋಗಿ" ಅಂತ ಕಳಿಸಿದರೆ ಆಮೇಲೆ ಅವರು ಎಷ್ಟು ಹೊತ್ತಿಗೆ ತಿಳಿಸಿದರು ಅಂತ ತೋರಿಸೋದು ಹೇಗೆ?

ಮುಂದಿನ ಸಲ ಪಾಸ್‌ಬುಕ್ ಅಚ್ಚು ಹಾಕಿಸುವಾಗ ಮೊದಲ ಪುಟದಲ್ಲಿ, ಖಾತೆ ನಂಬರಿನ ಕೆಳಗೇ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ 1930 ಮತ್ತು ನಿಮ್ಮ ಖಾತೆ ನಿಲ್ಲಿಸುವ ನಂಬರು ಎರಡನ್ನೂ ಹಾಕಿ. ಹಳೇ ಪಾಸ್‌ಬುಕ್‌ಗಳಿಗೆ ಸ್ಟಿಕ್ಕರ್ ಕೊಟ್ಟರೆ ಅಂಟಿಸುವ ಕೆಲಸ ನಾನು ಮಾಡುತ್ತೇನೆ, ನನ್ನ ಅಂಗಡಿಗೆ ಪಾಸ್‌ಬುಕ್ ತರದವರು ಯಾರೂ ಇಲ್ಲ.

ಇಂತಿ,
ತಾಲ್ಲೂಕು ಕಚೇರಿ ರಸ್ತೆಯ ಜೆರಾಕ್ಸ್ ಅಂಗಡಿಯವನು